ಡಿಕ್ಕಿ ಹೊಡೆದ ವಾಹನಕ್ಕೆ ವಿಮೆ ಇಲ್ಲದಿದ್ದರೆ ಪರಿಹಾರ ಯಾರಿಂದ?

ಪ್ರಶ್ನೆ: ಹನ್ನೆರಡು ದಿನಗಳ ಹಿಂದೆ, ಸಂಜೆ ಆರೂವರೆಯ ಹೊತ್ತಿಗೆ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಹಳೆಯ ಓಮ್ನಿ ನಮ್ಮ ಬದಿಗೆ ನುಗ್ಗಿ ಕಾರಿಗೆ ಗುದ್ದಿತು. ನನಗೆ ತರಚು ಗಾಯವಷ್ಟೇ ಆಯಿತು. ಪಕ್ಕದಲ್ಲಿದ್ದ ನನ್ನ ಪತ್ನಿಗೆ ಬಲಗೈಯ ಮಣಿಕಟ್ಟಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಕೊಯ್ಲಿನ ಕಾಲದಲ್ಲಿ ಅವಳು ಅಕ್ಕಪಕ್ಕದ ಮನೆಗಳಿಗೂ ಅಡಿಕೆ ಸುಲಿಯಲು ಹೋಗುತ್ತಾಳೆ. ಓಮ್ನಿಯ ವಿಮೆ ಮುಗಿದು ಎರಡು ವರ್ಷವಾಗಿದೆಯಂತೆ. ಓಡಿಸುತ್ತಿದ್ದವರು ಅದನ್ನು ಬೇರೆಯವರಿಂದ ಕೊಂಡಿದ್ದರೂ ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿದೆ. ಪೊಲೀಸರು ಸ್ಥಳಕ್ಕೆ ಬಂದು ಎರಡೂ ವಾಹನಗಳನ್ನು ಠಾಣೆಗೆ ಸಾಗಿಸಿದರು, ಆದರೆ ನಾನು ಇನ್ನೂ ದೂರು ಬರೆದು ಕೊಟ್ಟಿಲ್ಲ. ಊರಿನ ಹಿರಿಯರೊಬ್ಬರು 25,000 ರೂಪಾಯಿ ಕೊಡಿಸಿ ರಾಜಿ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ನನ್ನ ಕಾರು ಆರು ವರ್ಷದ್ದು, ಸಮಗ್ರ ವಿಮೆ ಇದೆ. ಗ್ಯಾರೇಜಿನವರು 1,84,000 ರೂಪಾಯಿ ಖರ್ಚು ಬರುತ್ತದೆ ಎಂದಿದ್ದಾರೆ. ವಿಮೆಯೇ ಇಲ್ಲದವರಿಂದ ಏನು ಸಿಗುತ್ತದೆ? ರಾಜಿಗೆ ಒಪ್ಪುವುದೇ ಒಳ್ಳೆಯದೇ?

ಉತ್ತರ: ರಾಜಿ ಪತ್ರಕ್ಕೆ ಸಹಿ ಹಾಕಬೇಡಿ, ಕನಿಷ್ಠ ಪಕ್ಷ ಈ ಉತ್ತರವನ್ನು ಪೂರ್ತಿ ಓದುವವರೆಗೆ ಹಾಕಬೇಡಿ. ಹಿರಿಯರ ಉದ್ದೇಶವನ್ನು ನಾನು ಅನುಮಾನಿಸುತ್ತಿಲ್ಲ. ಅಪಘಾತವಾಗಿ ಹನ್ನೆರಡು ದಿನಗಳಾದಾಗ ಮುರಿದ ಮಣಿಕಟ್ಟಿನ ಬೆಲೆ ಎಷ್ಟೆಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೇ ಗೊತ್ತಿರುವುದಿಲ್ಲ, ಪಂಚಾಯಿತಿ ಮಾಡುವವರಿಗೆ ಗೊತ್ತಿರುವುದು ಹೇಗೆ ಎಂಬುದಷ್ಟೇ ನನ್ನ ಮಾತು.

ವಿಮೆ ಇಲ್ಲ ಎಂದ ತಕ್ಷಣ ಪರಿಹಾರವೂ ಇಲ್ಲ ಎಂದು ಜನ ಕೈಚೆಲ್ಲಿ ಕೂರುವುದನ್ನು ಶಿವಮೊಗ್ಗದ ನ್ಯಾಯಾಲಯದಲ್ಲಿ ಮೋಟಾರು ಅಪಘಾತದ ಪ್ರಕರಣಗಳನ್ನು ನಡೆಸುವ ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಪಘಾತಕ್ಕೆ ಹೊಣೆ ಯಾವಾಗಲೂ ಚಾಲಕ ಮತ್ತು ಮಾಲೀಕರದು. ವಿಮಾ ಕಂಪನಿ ಮಾಲೀಕರ ಪರವಾಗಿ ಹಣ ಕಟ್ಟುತ್ತದೆ, ಅಷ್ಟೆ. ಕಂಪನಿ ಇಲ್ಲದಿದ್ದರೆ ಮಾಲೀಕರೇ ಕಟ್ಟಬೇಕು. ಕಷ್ಟವಿರುವುದು ತೀರ್ಪು ಪಡೆಯುವುದರಲ್ಲಲ್ಲ, ವಸೂಲಿಯಲ್ಲಿ. ಕಂಪನಿಯ ವಿರುದ್ಧ ಗೆದ್ದರೆ ಹಣ ನ್ಯಾಯಾಲಯದ ಖಾತೆಗೆ ಬಂದು ಬೀಳುತ್ತದೆ. ವ್ಯಕ್ತಿಯ ವಿರುದ್ಧ ಗೆದ್ದರೆ ತೀರ್ಪಿನ ಪ್ರತಿ ಹಿಡಿದು ಅವರ ಆಸ್ತಿಯನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಆದ್ದರಿಂದ ವಿಮೆ ಇಲ್ಲದ ವಾಹನದ ಪ್ರಕರಣದಲ್ಲಿ ವಸೂಲಿಯ ತಯಾರಿ ಮೊದಲ ವಾರದಲ್ಲೇ ಶುರುವಾಗಬೇಕು, ಮತ್ತು ಆ ತಯಾರಿಯ ಮೊದಲ ವಸ್ತು ಠಾಣೆಯ ಆವರಣದಲ್ಲಿ ನಿಂತಿರುವ ಆ ಓಮ್ನಿಯೇ.

ನಿಯಮ ಹೀಗಿದೆ. ಸಾವು, ಗಾಯ ಅಥವಾ ಆಸ್ತಿ ಹಾನಿಗೆ ಕಾರಣವಾದ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ (ಆ ವಾಹನದಿಂದ ಬೇರೆಯವರಿಗಾದ ಹಾನಿಯನ್ನು ತುಂಬಿಕೊಡುವ ವಿಮೆ) ಇಲ್ಲದಿದ್ದರೆ, ಮುಂದೆ ಆದೇಶವಾಗಬಹುದಾದ ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆಯನ್ನು ಮಾಲೀಕರು ಒದಗಿಸುವವರೆಗೆ ನ್ಯಾಯಾಲಯ ಆ ವಾಹನವನ್ನು ಬಿಡುಗಡೆ ಮಾಡುವಂತಿಲ್ಲ. ಮೂರು ತಿಂಗಳಾದರೂ ಭದ್ರತೆ ಕೊಡದಿದ್ದರೆ ವಾಹನವನ್ನು ಹರಾಜು ಹಾಕಿ ಬಂದ ಹಣವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಇಡಬೇಕು. ಎಲ್ಲ ರಾಜ್ಯಗಳೂ ಇಂಥ ನಿಯಮ ಮಾಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸೂಚಿಸಿತು. ಕರ್ನಾಟಕದ ಮೋಟಾರು ವಾಹನ ನಿಯಮಗಳಲ್ಲಿ ಅದು ಸೇರಿದೆ. ಹಳೆಯ ಓಮ್ನಿಯನ್ನು ಹರಾಜು ಹಾಕಿದರೆ ಬರುವುದೆಷ್ಟು ಎಂದು ನೀವು ಕೇಳಬಹುದು. ಹೆಚ್ಚೇನೂ ಬರುವುದಿಲ್ಲ, ನಿಜ. ಆದರೆ ಆ ನಿಯಮದ ಬಲ ವಾಹನದ ಬೆಲೆಯಲ್ಲಿಲ್ಲ, ಭದ್ರತೆ ಎಂಬ ಮಾತಿನಲ್ಲಿದೆ: ತನ್ನ ಗಾಡಿ ಬೇಕೆನ್ನುವ ಮಾಲೀಕ ನ್ಯಾಯಾಲಯಕ್ಕೆ ಒಪ್ಪಿಗೆಯಾಗುವ ಜಾಮೀನನ್ನೋ ಆಸ್ತಿಯ ದಾಖಲೆಯನ್ನೋ ತಂದು ಇಡಬೇಕಾಗುತ್ತದೆ, ಮತ್ತು ಆ ಕ್ಷಣದಲ್ಲಿ ಅವರ ಬಳಿ ಏನಿದೆ ಎಂಬುದು ಮೊದಲ ಸಲ ಕಡತಕ್ಕೆ ಬರುತ್ತದೆ.

ಇದೆಲ್ಲ ನಡೆಯಬೇಕಾದರೆ ಪ್ರಕರಣ ದಾಖಲಾಗಿರಬೇಕು. ನೀವು ಇನ್ನೂ ದೂರು ಕೊಟ್ಟಿಲ್ಲ ಎಂಬುದು ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದ ಸಾಲು. ದೂರಿಲ್ಲದೆ, ಎಫ್‌ಐಆರ್ ಇಲ್ಲದೆ ಠಾಣೆಯಲ್ಲಿರುವ ಗಾಡಿಯನ್ನು ಪೊಲೀಸರು ಎಷ್ಟು ದಿನ ಇಟ್ಟುಕೊಂಡಾರು? ಒಂದು ಬೆಳಗ್ಗೆ ನೀವು ಹೋಗಿ ನೋಡಿದರೆ ಜಾಗ ಖಾಲಿಯಾಗಿರುತ್ತದೆ. ಇಂದೇ ಲಿಖಿತ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125ನೇ (ಇತರರ ಜೀವಕ್ಕೆ ಅಪಾಯ ತರುವ ಕೃತ್ಯ) ಕಲಮುಗಳ ಜೊತೆಗೆ, ಮೋಟಾರು ವಾಹನ ಕಾಯ್ದೆಯ 146 ಮತ್ತು 196ನೇ ಕಲಮುಗಳನ್ನೂ ಸೇರಿಸುವಂತೆ ಕೇಳಿ. ಕೊನೆಯ ಎರಡು ವಿಮೆ ಇಲ್ಲದೆ ವಾಹನ ಓಡಿಸಿದ್ದಕ್ಕೆ ಸಂಬಂಧಿಸಿದವು. ಅದರ ಶಿಕ್ಷೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ಆ ದಂಡದಲ್ಲಿ ನಿಮಗೆ ಒಂದು ಪೈಸೆಯೂ ಬರುವುದಿಲ್ಲ. ಆದರೆ ವಿಮೆ ಇರಲಿಲ್ಲ ಎಂಬುದು ಪೊಲೀಸ್ ದಾಖಲೆಯಲ್ಲೇ ಸ್ಥಿರಪಟ್ಟರೆ ವಾಹನ ಬಿಡುಗಡೆಯ ಅರ್ಜಿ ಬಂದಾಗ ವಿರೋಧಿಸುವುದು ಸುಲಭ.

ಹನ್ನೆರಡು ದಿನ ತಡವಾಯಿತಲ್ಲ ಎಂದು ಅಂಜಬೇಕಿಲ್ಲ. ಗಾಯಾಳುವಿನ ಚಿಕಿತ್ಸೆಯ ಓಡಾಟದಲ್ಲಿ ದೂರು ತಡವಾದರೆ ಅದೊಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿರಿ: ಯಾವ ದಿನ ಆಸ್ಪತ್ರೆಗೆ ಸೇರಿಸಿದಿರಿ, ಯಾವ ದಿನ ಶಸ್ತ್ರಚಿಕಿತ್ಸೆಯಾಯಿತು, ಯಾವ ದಿನ ಮನೆಗೆ ಬಂದಿರಿ. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ಅದನ್ನೇ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ದಾರಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಕೊಟ್ಟಿದೆ.

ದೂರು ದಾಖಲಾದ ಮೇಲೆ ಸ್ಥಳ ಮಹಜರು ಆಗುತ್ತದೆ. ಮಹಜರಿನ ದಿನ ನೀವು ಅಲ್ಲಿರಬೇಕು. ನಮ್ಮ ಕಡೆ ಒಂದು ಮಳೆ ಸಾಕು, ಟೈರಿನ ಗುರುತೂ ಗಾಜಿನ ಚೂರೂ ಚರಂಡಿ ಸೇರಿರುತ್ತವೆ. ಮಹಜರು ಬರೆಯುವವರಿಗೆ ಉಳಿಯುವುದು ತಿರುವಿನ ಆಕಾರ, ರಸ್ತೆಯ ಅಗಲ ಮತ್ತು ನೀವು ತೋರಿಸುವ ಜಾಗ. ನಕ್ಷೆಯಲ್ಲಿ ಡಿಕ್ಕಿಯಾದ ಬಿಂದು ರಸ್ತೆಯ ಯಾವ ಅಂಚಿನಿಂದ ಎಷ್ಟು ಅಡಿ ಒಳಗಿದೆ ಎಂದು ಬರೆಯುತ್ತಾರೋ ಅದೇ ಮುಂದೆ ತಪ್ಪು ಯಾರದು ಎಂಬುದನ್ನು ತೀರ್ಮಾನಿಸುತ್ತದೆ. ಸಂಜೆಯೇ ಯಾರಾದರೂ ಫೋಟೋ ತೆಗೆದಿದ್ದರೆ ಅದು ಬಂಗಾರಕ್ಕೆ ಸಮ. ತೆಗೆದ ಫೋನಿನಲ್ಲಿರುವ ಮೂಲ ಫೋಟೋವನ್ನೇ ಉಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿಯಲ್ಲಿ ದಿನ, ಹೊತ್ತುಗಳ ವಿವರ ಅಳಿಸಿಹೋಗಿರುತ್ತದೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ಮೋಟಾರು ವಾಹನ ನಿರೀಕ್ಷಕರು ಎರಡೂ ವಾಹನಗಳನ್ನು ಪರೀಕ್ಷಿಸಿ ವರದಿ ಕೊಡುವವರೆಗೆ ನಿಮ್ಮ ಕಾರನ್ನು ಬಿಚ್ಚಲು ಗ್ಯಾರೇಜಿನವರಿಗೆ ಹೇಳಬೇಡಿ.

ಇನ್ನು, ವಿಮೆ ಮುಗಿದಿದೆ ಎಂಬ ಮಾತು ನಿಮಗೆ ಬಂದದ್ದು ಎಲ್ಲಿಂದ? ವಾಹನದ ದಾಖಲೆ ತೋರಿಸುವ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿದ್ದೋ, ಓಡಿಸುತ್ತಿದ್ದವರು ಹೇಳಿದ್ದೋ? ಎರಡನ್ನೂ ಅಂತಿಮವೆಂದು ಹಿಡಿಯಬೇಡಿ. ಹಳೆಯ ಮಾಲೀಕರು ಬೇರೆ ಕಂಪನಿಯಲ್ಲಿ ನವೀಕರಿಸಿದ್ದು ದಾಖಲೆಗೆ ಹತ್ತದೆ ಇರಬಹುದು. ಕಟ್ಟಿದ ಚೆಕ್ಕು ಬೌನ್ಸ್ ಆಗಿ ಪಾಲಿಸಿ ರದ್ದಾಯಿತು ಎನ್ನುವ ಸಂದರ್ಭಗಳೂ ಇವೆ. ಅಂಥಲ್ಲಿ ರದ್ದತಿಯ ಸೂಚನೆ ಅಪಘಾತಕ್ಕಿಂತ ಮೊದಲೇ ಮಾಲೀಕರಿಗೆ ತಲುಪಿರದಿದ್ದರೆ ಮೂರನೆಯವರಿಗೆ ಕಂಪನಿಯೇ ಹೊಣೆ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಚಾಲಕರಿಗೆ ಲೈಸೆನ್ಸ್ ಇರಲಿಲ್ಲ ಎಂಬುದು ಇನ್ನೊಂದೇ ವಿಷಯ; ಪಾಲಿಸಿ ಇದ್ದು ಲೈಸೆನ್ಸ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಂಪನಿ ನಿಮಗೆ ಮೊದಲು ಹಣ ಕಟ್ಟಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳುತ್ತದೆ. ಜನರ ಬಾಯಲ್ಲಿ ಇವೆರಡೂ ಕಲಸಿಹೋಗಿ ‘ವಿಮೆ ಬರುವುದಿಲ್ಲ’ ಎಂಬ ಒಂದೇ ಮಾತಾಗುತ್ತದೆ.

ಆರ್‌ಸಿ ಹಳೆಯ ಮಾಲೀಕರ ಹೆಸರಿನಲ್ಲಿರುವುದು ನಿಮಗೆ ತೊಡಕಲ್ಲ, ಅನುಕೂಲ. ಮಲೆನಾಡಿನಲ್ಲಿ ಒಂದು ಹಳೆಯ ಜೀಪೋ ಓಮ್ನಿಯೋ ಛಾಪಾ ಕಾಗದದ ಕರಾರಿನ ಮೇಲೆ ನಾಲ್ಕು ಕೈ ಬದಲಾಗಿ, ಆರ್‌ಸಿಯಲ್ಲಿ ಮೊದಲ ಮಾಲೀಕನೇ ಉಳಿದಿರುವುದು ತೀರ ಸಾಮಾನ್ಯ. ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾಯ್ದೆ ಹೇಳಿದರೂ ಯಾರೂ ತಿಳಿಸುವುದಿಲ್ಲ. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾಯ್ದೆಯ ಕಣ್ಣಿಗೆ ಮಾಲೀಕರು, ಮಾರಾಟದ ಕರಾರು ತೋರಿಸಿ ಅವರು ತಪ್ಪಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಅರ್ಜಿಯಲ್ಲಿ ಓಡಿಸಿದವರನ್ನೂ ನೋಂದಾಯಿತ ಮಾಲೀಕರನ್ನೂ ಎದುರುದಾರರನ್ನಾಗಿ ಮಾಡಬೇಕು. ಹಳೆಯ ಮಾಲೀಕರಿಗೆ ಇದು ಅನ್ಯಾಯವಲ್ಲವೇ ಎಂದು ಅನ್ನಿಸಬಹುದು. ತಿಳಿಯದೆ ಸಿಕ್ಕಿಹಾಕಿಕೊಂಡ ಅಂಥವರು ನನ್ನ ಕಚೇರಿಗೆ ಬಂದು ಕಣ್ಣೀರು ಹಾಕಿದ್ದೂ ಉಂಟು. ಗಾಡಿ ಮಾರಿದ ಓದುಗರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಯೇ ಹೆಸರು ವರ್ಗಾವಣೆಯಾಗಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಈಗ ನಿಮ್ಮ ಕಾರಿನ ವಿಷಯ. ಸಮಗ್ರ ವಿಮೆ ಇರುವುದರಿಂದ ರಿಪೇರಿಗೆ ಓಮ್ನಿಯವರನ್ನು ಕಾಯಬೇಕಿಲ್ಲ. ನಿಮ್ಮ ಕಂಪನಿಯಲ್ಲೇ ಕ್ಲೇಮು ಮಾಡಿ. ಕೂಡಲೇ ತಿಳಿಸಬೇಕಿತ್ತು, ತಿಳಿಸಿಲ್ಲವಾದರೆ ಇವತ್ತೇ ತಿಳಿಸಿ, ತಡವಾದ ಕಾರಣವನ್ನು ಬರೆದುಕೊಡಿ. ಸರ್ವೇಯರ್ ನೋಡುವವರೆಗೆ ರಿಪೇರಿ ಶುರುವಾಗಬಾರದು. ಪೂರ್ತಿ 1,84,000 ರೂಪಾಯಿ ಸಿಗುತ್ತದೆ ಎಂಬ ನಿರೀಕ್ಷೆ ಬೇಡ. ಸವಕಳಿ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ. 50, ಫೈಬರ್ ಭಾಗಗಳಿಗೆ ಶೇ. 30, ಮತ್ತು ಐದರಿಂದ ಹತ್ತು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ. 40 ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ. ಅಂದರೆ 8,000 ರೂಪಾಯಿಯ ಬಂಪರಿಗೆ 4,000, 12,000 ರೂಪಾಯಿಯ ಬಾನೆಟ್ಟಿಗೆ 7,200 ಎಂಬಂತೆ ಲೆಕ್ಕ. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಪಾಲಿಗೆ ಬರುತ್ತದೆ. ಕ್ಲೇಮಿಲ್ಲದ ವರ್ಷಗಳ ಬೋನಸ್ ಕೂಡ ಹೋಗುತ್ತದೆ, ತಪ್ಪು ನಿಮ್ಮದಲ್ಲದಿದ್ದರೂ. ಅದಕ್ಕಾಗಿ ಕ್ಲೇಮು ಬೇಡವೆನ್ನುವುದು ಸಣ್ಣ ಗೀರಿನ ವಿಷಯದಲ್ಲಿ ಸರಿ, ನಿಮ್ಮ ಪ್ರಕರಣದಲ್ಲಿ ಅಲ್ಲ. ಕಂಪನಿ ಕೊಡದೆ ಬಿಟ್ಟ ಮೊತ್ತವನ್ನು ನೀವು ಕೈಯಿಂದ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಅದಷ್ಟನ್ನು ನ್ಯಾಯಮಂಡಳಿಯಲ್ಲಿ ಓಮ್ನಿಯವರಿಂದ ಕೇಳಬಹುದು. ಕಂಪನಿ ಕೊಟ್ಟದ್ದನ್ನೇ ಎರಡನೆಯ ಸಲ ಕೇಳುವಂತಿಲ್ಲ. ಆ ಹಕ್ಕು ಕಂಪನಿಗೆ ಹೋಗಿರುತ್ತದೆ.

25,000 ರೂಪಾಯಿಯ ರಾಜಿ ಪತ್ರದ ಅಪಾಯ ಪೂರ್ತಿ ಕಾಣುವುದು ಇಲ್ಲೇ. ಅಂಥ ಪತ್ರಗಳಲ್ಲಿ ‘ಮುಂದೆ ಯಾವುದೇ ತಕರಾರು ಮಾಡುವುದಿಲ್ಲ’ ಎಂಬ ಸಾಲು ತಪ್ಪದೆ ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಓಮ್ನಿಯವರ ಮೇಲೆ ನಿಮ್ಮ ಕಂಪನಿಗೆ ಬರಬೇಕಾದ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತಾಗಿ, ಕಂಪನಿ ಅದನ್ನೇ ಹಿಡಿದು ನಿಮ್ಮ ರಿಪೇರಿ ಕ್ಲೇಮನ್ನು ತಡೆಯಬಹುದು. ಠಾಣೆಯಲ್ಲಿ ಪ್ರಕರಣ ದಾಖಲಾಗದೆ ಓಮ್ನಿ ಹೊರಟುಹೋಗುತ್ತದೆ. ಇನ್ನು ನಿಮ್ಮ ಪತ್ನಿಯ ಗಾಯಕ್ಕೆ ನೀವು ರಾಜಿಯಾಗುವುದು ಹೇಗೆ? ಆ ಹಕ್ಕು ಅವರದು, ಸಹಿ ನಿಮ್ಮದು. ಅವರ ಮಣಿಕಟ್ಟಿಗೆ ಹಾಕಿದ ಪ್ಲೇಟನ್ನು ಮುಂದೆ ತೆಗೆಯಬೇಕಾಗಬಹುದು. ಆ ಖರ್ಚು ಈ 25,000ದಲ್ಲಿ ಎಲ್ಲಿದೆ?

ರಾಜಿಯೇ ಆಗಬಾರದು ಎನ್ನುತ್ತಿಲ್ಲ. ಆಗುವುದಾದರೆ ಅರ್ಜಿ ಸಲ್ಲಿಸಿದ ಮೇಲೆ, ವೈದ್ಯರು ಅಂಗವೈಕಲ್ಯದ ಪ್ರಮಾಣ ಹೇಳಿದ ಮೇಲೆ, ಲೋಕ ಅದಾಲತ್ತಿನಲ್ಲಿ ಆಗಲಿ. ಅಲ್ಲಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ, ಅದರ ಮೇಲೆ ಮೇಲ್ಮನವಿಯಿಲ್ಲ, ಒಪ್ಪಿದ ಹಣ ಕೊಡದಿದ್ದರೆ ನೇರ ವಸೂಲಿಗೆ ಹೋಗಬಹುದು.

ನಿಮ್ಮ ಪತ್ನಿಯವರ ಪರಿಹಾರ ಅರ್ಜಿಯೇ ಇಡೀ ವಿಷಯದ ತಿರುಳು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಅದನ್ನು ಅಪಘಾತ ನಡೆದ ಜಾಗದ ವ್ಯಾಪ್ತಿಯಲ್ಲಾಗಲಿ, ನೀವು ವಾಸಿಸುವ ಜಾಗದಲ್ಲಾಗಲಿ, ಎದುರುದಾರರು ವಾಸಿಸುವಲ್ಲಾಗಲಿ ಸಲ್ಲಿಸಬಹುದು. ಅಪಘಾತದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ಮಿತಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. ಅವುಗಳನ್ನು ನಂಬಿ ಕೂರುವುದು ಬೇಡ. ಪೊಲೀಸರು ಅಪಘಾತದ ಪ್ರಾಥಮಿಕ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಕೊಡಬೇಕು, ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಬಹುದು ಎಂಬ ಏರ್ಪಾಡೂ ಇದೆ. ಆದರೂ ನಿಮ್ಮದೇ ಅರ್ಜಿ ಇರಲಿ ಎಂಬುದು ನನ್ನ ಅನುಭವದ ಸಲಹೆ. ವಕೀಲರ ಖರ್ಚಿನ ಚಿಂತೆ ಬೇಡ: ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ಬಂದ ಪರಿಹಾರದಲ್ಲಿ ಶೇಕಡಾ ಇಷ್ಟು ಎಂದು ಪಾಲು ಕೇಳುವವರು ಎದುರಾದರೆ, ವಕೀಲರ ಪರಿಷತ್ತಿನ ನಿಯಮ ಅದನ್ನು ಒಪ್ಪುವುದಿಲ್ಲ ಎಂಬುದು ನೆನಪಿರಲಿ.

ಇಲ್ಲಿ ಒಂದು ಆಯ್ಕೆ ಮಾಡಬೇಕಾಗುತ್ತದೆ. ಮೂಳೆ ಮುರಿತವನ್ನು ಕಾನೂನು ತೀವ್ರ ಗಾಯವೆಂದೇ ಎಣಿಸುತ್ತದೆ. 164ನೇ ಕಲಮಿನಡಿ ತೀವ್ರ ಗಾಯಕ್ಕೆ, ತಪ್ಪು ಯಾರದೆಂದು ಸಾಬೀತುಪಡಿಸುವ ಗೋಜಿಲ್ಲದೆ, 2.5 ಲಕ್ಷ ರೂಪಾಯಿಯ ನಿಗದಿತ ಪರಿಹಾರವಿದೆ. ವಿಮೆ ಇಲ್ಲದಿದ್ದಾಗ ಅದನ್ನು ಕೊಡಬೇಕಾದವರು ಮಾಲೀಕರೇ. 166ರಲ್ಲಿ ಎದುರು ಚಾಲಕರ ತಪ್ಪನ್ನು ಸಾಬೀತುಪಡಿಸಬೇಕು, ಆದರೆ ಮೊತ್ತಕ್ಕೆ ಮೇಲ್ಮಿತಿಯಿಲ್ಲ. 164ರ ಹಣವನ್ನು ಸ್ವೀಕರಿಸಿದರೆ 166ರ ಅರ್ಜಿ ಬಿದ್ದುಹೋಗುತ್ತದೆ. ಸಾಮಾನ್ಯ ಮುರಿತಕ್ಕೆ, ಸಾಕ್ಷ್ಯ ದುರ್ಬಲವಾಗಿದ್ದರೆ, ನಾನು 164ನ್ನೇ ಹೇಳುತ್ತಿದ್ದೆ. ನಿಮ್ಮ ಪತ್ನಿಯ ಕೆಲಸ ಏನೆಂದು ಓದಿದ ಮೇಲೆ ಹಾಗೆ ಹೇಳಲಾರೆ.

ಅಡಿಕೆ ಸುಲಿಯುವುದನ್ನು ನೋಡದವರಿಗೆ ಇದು ಅರ್ಥವಾಗುವುದಿಲ್ಲ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಅದುಮಿ ಹಿಡಿದು, ಹಸಿ ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ, ಮಣಿಕಟ್ಟನ್ನು ಒಮ್ಮೆ ಆಚೆ ಒಮ್ಮೆ ಈಚೆ ತಿರುಚಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಆ ತಿರುಚು ರಾತ್ರಿಯವರೆಗೆ ಸಾವಿರಾರು ಸಲ. ಕೂಲಿ ಗಂಟೆಯ ಲೆಕ್ಕದಲ್ಲಲ್ಲ, ಸುಲಿದ ಅಳತೆಯ ಮೇಲೆ. ವೈದ್ಯರು ಅವರ ಕೈಗೆ ಹತ್ತೋ ಹನ್ನೆರಡೋ ಶೇಕಡಾ ಅಂಗವೈಕಲ್ಯ ಎಂದು ಬರೆದಾರು, ಏಕೆಂದರೆ ಪೆನ್ನು ಹಿಡಿಯಲು, ತಟ್ಟೆ ಎತ್ತಲು ಆ ಕೈ ಸಾಕಾಗುತ್ತದೆ. ಆದರೆ ತಿರುಚಲಾಗದ ಮಣಿಕಟ್ಟು ಸುಲಿಯುವವರ ಪಾಲಿಗೆ ಬಹುಪಾಲು ಹೋದ ದುಡಿಮೆಯೇ. ದೇಹದ ಅಂಗವೈಕಲ್ಯದ ಶೇಕಡಾವಾರನ್ನೇ ಗಳಿಕೆಯ ನಷ್ಟದ ಶೇಕಡಾವಾರೆಂದು ಹಿಡಿಯಬಾರದು, ಆ ವ್ಯಕ್ತಿ ಯಾವ ಕೆಲಸ ಮಾಡುತ್ತಿದ್ದರು, ಗಾಯದ ನಂತರ ಅದನ್ನು ಎಷ್ಟರಮಟ್ಟಿಗೆ ಮಾಡಬಲ್ಲರು ಎಂದು ನೋಡಬೇಕು ಎಂಬುದು 2011ರಿಂದ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆ. ಹಾಗಾಗಿ ಅವರನ್ನು ಅರ್ಜಿಯಲ್ಲಿ ಬರೀ ‘ಗೃಹಿಣಿ’ ಎಂದು ಬರೆಸಬೇಡಿ. ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂದು ನ್ಯಾಯಾಲಯಗಳು ಒಪ್ಪಿವೆ, ಸರಿ. ಅದರ ಜೊತೆಗೆ ಅಡಿಕೆ ಸುಲಿಯುವ ದುಡಿಮೆಯನ್ನೂ ಬರೆಸಿ. ಅವರಿಗೆ ಕೂಲಿ ಕೊಟ್ಟ ಎರಡು ಮನೆಯವರು ಬಂದು ಸಾಕ್ಷಿ ಹೇಳಲಿ. ಲೆಕ್ಕ ಬರೆದ ನೋಟುಪುಸ್ತಕವಿದ್ದರೆ ಅದನ್ನು ತರಲಿ.

ಆಸ್ಪತ್ರೆಯ ಕಾಗದಗಳಲ್ಲಿ ನೋಡಬೇಕಾದ ಸಾಲು ಒಂದೇ: ಗಾಯ ಹೇಗಾಯಿತೆಂದು ಮೊದಲ ದಿನ ಏನು ಬರೆದಿದ್ದಾರೆ ಎಂಬುದು. ಪೊಲೀಸ್ ಗೋಜು ಬೇಡವೆಂದು ಜೊತೆಗಿದ್ದವರು ‘ಮನೆಯಲ್ಲಿ ಜಾರಿ ಬಿದ್ದರು’ ಎಂದು ಹೇಳಿ, ಅದೇ ಕೇಸ್‌ಶೀಟಿನಲ್ಲಿ ದಾಖಲಾಗಿ, ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ಇಡೀ ಪ್ರಕರಣ ಕುಸಿದದ್ದನ್ನು ನಾನು ಕಂಡಿದ್ದೇನೆ. ತಪ್ಪು ಬರೆದಿದ್ದರೆ ಈಗಲೇ ಲಿಖಿತವಾಗಿ ವೈದ್ಯರ ಗಮನಕ್ಕೆ ತನ್ನಿ. ಗಾಯದ ಪ್ರಮಾಣಪತ್ರ, ಎಕ್ಸ್‌ರೇ ಫಿಲ್ಮುಗಳು, ಬಿಡುಗಡೆ ಪತ್ರ, ಔಷಧಿ ಬಿಲ್ಲು, ಆಸ್ಪತ್ರೆಗೆ ಹೋಗಿಬಂದ ಬಾಡಿಗೆ ಕಾರಿನ ರಸೀದಿ, ಎಲ್ಲವೂ ಒಂದೇ ಚೀಲದಲ್ಲಿರಲಿ.

ಇನ್ನೊಂದು ದಾರಿಯನ್ನು ಎಚ್ಚರದಿಂದ ಹೇಳಬೇಕಾಗಿದೆ. ತಿರುವಿನಲ್ಲಿ ಎದುರುಬದಿರು ಡಿಕ್ಕಿಯಾದಾಗ ಓಮ್ನಿಯವರು ನಿಮ್ಮದೂ ತಪ್ಪಿತ್ತು ಎಂದೇ ವಾದಿಸುತ್ತಾರೆ. ನಿಮ್ಮ ತಪ್ಪು ಒಂದಷ್ಟು ಇತ್ತೆಂದು ನ್ಯಾಯಮಂಡಳಿ ಕಂಡುಕೊಂಡರೂ ನಿಮ್ಮ ಪತ್ನಿ ಪ್ರಯಾಣಿಕರು. ಅವರ ಪರಿಹಾರ ಅದರಿಂದ ಕಡಿಮೆಯಾಗುವುದಿಲ್ಲ. ಎರಡು ವಾಹನಗಳ ತಪ್ಪಿನಿಂದ ಗಾಯಗೊಂಡ ಮೂರನೆಯವರು ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪಡೆಯಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮತ್ತು ನಿಮ್ಮ ಸಮಗ್ರ ಪಾಲಿಸಿ ಕಾರಿನಲ್ಲಿ ಕುಳಿತವರ ಹೊಣೆಯನ್ನೂ ಹೊತ್ತಿರುತ್ತದೆ. ಆದ್ದರಿಂದ ನಿಮ್ಮನ್ನೂ ನಿಮ್ಮ ವಿಮಾ ಕಂಪನಿಯನ್ನೂ ಎದುರುದಾರರಾಗಿ ಸೇರಿಸುವುದನ್ನು ವಕೀಲರೊಡನೆ ಚರ್ಚಿಸಿ. ಗಂಡನನ್ನು ಎದುರುದಾರನನ್ನಾಗಿ ಮಾಡುವುದು ಕೇಳಲು ವಿಚಿತ್ರವಾದರೂ ನಮ್ಮ ನ್ಯಾಯಾಲಯಗಳಲ್ಲಿ ಹೊಸದಲ್ಲ. ಆದರೆ ಇಲ್ಲದ ತಪ್ಪನ್ನು ಒಪ್ಪಿಕೊಂಡು ಕಥೆ ಕಟ್ಟಬೇಡಿ. ಮಹಜರಿನ ನಕ್ಷೆ ಒಂದು ಹೇಳಿ ನಿಮ್ಮ ಮಾತು ಇನ್ನೊಂದು ಹೇಳಿದರೆ ಇರುವ ಅರ್ಜಿಯೂ ಕೈಬಿಡುತ್ತದೆ. ನಿಮ್ಮದು ಸಮಗ್ರ ಪಾಲಿಸಿಯಲ್ಲದೆ ಬರೀ ಥರ್ಡ್ ಪಾರ್ಟಿ ಆಗಿದ್ದರೆ ಈ ದಾರಿಯೂ ಮುಚ್ಚಿರುತ್ತಿತ್ತು, ಕಾರಿನ ರಿಪೇರಿಯೂ ಇರುತ್ತಿರಲಿಲ್ಲ.

ಸರ್ಕಾರದಿಂದ ಎರಡು ಲಕ್ಷ ಬರುತ್ತದಂತೆ ಎಂದು ಯಾರಾದರೂ ಹೇಳಿದರೆ, ಅದು ಗುದ್ದಿ ಪರಾರಿಯಾದ, ಪತ್ತೆಯಾಗದ ವಾಹನಗಳಿಗೆ ಮಾತ್ರ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ನಿಮ್ಮಲ್ಲಿ ವಾಹನ ಪತ್ತೆಯಾಗಿರುವುದರಿಂದ ಅದು ಅನ್ವಯಿಸದು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸೆಯ ಯೋಜನೆ ಮಾತ್ರ ಎದುರಿನ ವಾಹನಕ್ಕೆ ವಿಮೆ ಇಲ್ಲದಿದ್ದರೂ ಸಿಗುತ್ತದೆ. ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ನಿಮಗೆ ಆ ಅವಧಿ ಮೀರಿದೆ.

ಕೊನೆಗೆ ವಸೂಲಿ. ನ್ಯಾಯಮಂಡಳಿ ಆದೇಶಿಸಿದ ಹಣವನ್ನು ಮಾಲೀಕರು ಕಟ್ಟದಿದ್ದರೆ, 174ನೇ ಕಲಮಿನಡಿ ನ್ಯಾಯಮಂಡಳಿಯಿಂದ ಪ್ರಮಾಣಪತ್ರ ಪಡೆದು ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಇದು ಬರೀ ಕಾಗದದ ಮಾತಲ್ಲ. ಓಮ್ನಿ ಎಷ್ಟೇ ಹಳೆಯದಿರಲಿ, ಅದರ ಮಾಲೀಕರ ಹೆಸರಿನಲ್ಲಿ ಎಲ್ಲೋ ಒಂದು ಎಕರೆ ತೋಟವೋ ಗದ್ದೆಯೋ ಇರುವ ಸಂಭವ ಹೆಚ್ಚು. ತೀರ್ಪಿನ ಹೊತ್ತಿಗೆ ಅದನ್ನು ಅಣ್ಣನ ಹೆಸರಿಗೋ ಮಗನ ಹೆಸರಿಗೋ ದಾನಪತ್ರ ಮಾಡಿಬಿಟ್ಟಿರುವ ಸಂಭವವೂ ಅಷ್ಟೇ ಹೆಚ್ಚು. ಆದ್ದರಿಂದ ಆರ್‌ಟಿಒದಿಂದ ಓಮ್ನಿಯ ನೋಂದಣಿ ವಿವರದ ದೃಢೀಕೃತ ಪ್ರತಿ ತೆಗೆಸಿ, ಅದರಲ್ಲಿರುವ ಹೆಸರು ಮತ್ತು ವಿಳಾಸ ಹಿಡಿದು ಆ ಗ್ರಾಮದ ಪಹಣಿಯನ್ನು ಈಗಲೇ ನೋಡಿಸಿ. ಓಡಿಸುತ್ತಿದ್ದವರ ಹೆಸರಿನ ಪಹಣಿಯನ್ನೂ ನೋಡಿಸಿ. ಪಹಣಿಯ ಪ್ರತಿಯನ್ನು ಅರ್ಜಿಯ ಜೊತೆಗೇ ಕೊಟ್ಟರೆ, ಆಸ್ತಿ ಪರಭಾರೆಯಾಗುವ ಲಕ್ಷಣ ಕಂಡಾಗ ತೀರ್ಪಿಗೆ ಮೊದಲೇ ಜಪ್ತಿ ಮಾಡುವಂತೆ ನಿಮ್ಮ ವಕೀಲರು ಕೇಳಿಕೊಳ್ಳಲು ಆಧಾರ ಸಿಗುತ್ತದೆ. ಠಾಣೆಗೆ ದೂರು ಕೊಡಲು ಹೋದ ದಿನವೇ, ಓಮ್ನಿ ಬಿಡುಗಡೆಗೆ ಅರ್ಜಿ ಬಂದರೆ ತನಗೆ ತಿಳಿಸಬೇಕೆಂದು ತನಿಖಾಧಿಕಾರಿಗೆ ಬರೆದುಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ.